ಗೇಟಿನ ಕಂಬಕ್ಕೆ ಗದ್ದೆಯ ಮಣ್ಣು

ಮಲೆನಾಡಿನ ಮನೆಗೆ ಒಂದು ಕಾಲದಲ್ಲಿ ಗೇಟು ಎಂಬುದಿರಲಿಲ್ಲ, ದಣಪೆಯಿತ್ತು. ಎರಡು ಕಂಬಗಳಿಗೆ ತೂತು ಕೊರೆದು ಮೂರು ನಾಲ್ಕು ಬಿದಿರಿನ ಗಳಗಳನ್ನು ಅಡ್ಡಲಾಗಿ ತೂರಿಸಿದರೆ ದನಗಳು ಒಳನುಗ್ಗಲಾರವು, ಮನುಷ್ಯರು ಗಳ ಸರಿಸಿ ಒಳಬರಬಲ್ಲರು. ಪಕ್ಕದಲ್ಲಿ ನಡೆದು ಬರುವವರಿಗಾಗಿ ಒಂದು ತಡಮೆ. ಇಕ್ಕೆಲಗಳಲ್ಲಿ ಗಿಡಬೇಲಿ. ಟಪಾಲು ಬಂದರೆ ಅಂಚೆಯವನು ತಡಮೆ ದಾಟಿ ಜಗಲಿಯ ತನಕ ಬರುತ್ತಿದ್ದ, ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಿದ್ದ. ಪತ್ರವಿಡಲು ಪೆಟ್ಟಿಗೆಯೊಂದು ಬೇಕೆಂದು ಯಾರಿಗೂ ತೋರಿರಲಿಲ್ಲ.

ಈಗ ದಣಪೆಯ ಜಾಗಕ್ಕೆ ಕಬ್ಬಿಣದ ಗೇಟು ಬಂದಿದೆ. ಗೇಟಿಗೆ ಆಧಾರವಾಗಿ ಇಟ್ಟಿಗೆಯ ಕಂಬ ಬಂದಿದೆ. ಕಂಬದ ಹೊಟ್ಟೆಯಲ್ಲೊಂದು ಗೂಡು ಬಿಟ್ಟು, ಅದಕ್ಕೆ ತಗಡಿನ ಬಾಗಿಲು ಹಚ್ಚಿ, ಮೇಲೆ ಮನೆಯ ಹೆಸರು ಕೆತ್ತಿದ ಕಪ್ಪು ಕಲ್ಲನ್ನು ಕೂರಿಸಿ ‘ಟಪಾಲು ಪೆಟ್ಟಿಗೆ’ ಎನ್ನುವುದು ಹೊಸ ಮನೆ ಕಟ್ಟುವವರ ರೂಢಿಯಾಗಿದೆ. ಗೇಟಿಲ್ಲದ ತೋಟದ ಮನೆಗಳವರೂ ರಸ್ತೆಗೆ ಕಾಲುದಾರಿ ಸೇರುವಲ್ಲಿ ಇಂಥದೊಂದು ಒಂಟಿ ಕಂಬವನ್ನು ನಿಲ್ಲಿಸತೊಡಗಿದ್ದಾರೆ. ಅಣೆಕಟ್ಟು, ಗಣಿ, ವಿದ್ಯುತ್ ಮಾರ್ಗಗಳ ವಿರುದ್ಧ ವರ್ಷಗಟ್ಟಲೆ ಹೋರಾಡುವ ಸೀಮೆಯಲ್ಲಿ ಮಾರುದ್ದವೂ ಇಲ್ಲದ ಈ ಕಂಬದ ಬಗ್ಗೆ ಬರೆಯುವುದೇ ಎಂದು ಓದುಗರು ಹುಬ್ಬೇರಿಸಬಹುದು. ಆದರೆ ಅಣೆಕಟ್ಟಿನ ನಿರ್ಧಾರ ರಾಜಧಾನಿಯಲ್ಲಾಗುತ್ತದೆ, ಗೇಟಿನ ಕಂಬದ ನಿರ್ಧಾರ ಮನೆಯ ಜಗಲಿಯಲ್ಲೇ ಆಗುತ್ತದೆ. ಜಗಲಿಯ ಲೆಕ್ಕವನ್ನು ಸರಿಯಾಗಿ ಮಾಡಲಾರದವರು ರಾಜಧಾನಿಯ ಲೆಕ್ಕವನ್ನು ಪ್ರಶ್ನಿಸುವುದು ಕಷ್ಟ.

ಹಾಗಾದರೆ ಲೆಕ್ಕವನ್ನೇ ನೋಡೋಣ. ಒಂದೂವರೆ ಅಡಿ ಚೌಕದ, ನಾಲ್ಕಡಿ ಎತ್ತರದ ಕಂಬಕ್ಕೆ ತಳಪಾಯದ ವರಸೆಗಳೂ ಒಡೆದುಹೋಗುವವೂ ಸೇರಿ ಸುಮಾರು 120 ಊರ ಇಟ್ಟಿಗೆ ಬೇಕು. ಒಂದು ಇಟ್ಟಿಗೆಯ ತೂಕ ಮೂರು ಕಿಲೋದ ಆಸುಪಾಸು. ಸುಡುವಾಗ ಕಳೆಯುವ ತೂಕವನ್ನೂ ಹಿಡಿದರೆ ಕಂಬವೊಂದಕ್ಕೆ ನಾಲ್ಕು ಕ್ವಿಂಟಲಿನಷ್ಟು ಮಣ್ಣು. ಈ ಮಣ್ಣು ಎಲ್ಲಿಂದಲೋ ಉದುರಿದ್ದಲ್ಲ. ಇಟ್ಟಿಗೆಗೆ ಜಿಗುಟು ಮಣ್ಣು ಬೇಕು, ಗುಡ್ಡದ ಮೇಲಿನ ಕೆಂಪು ಜಲ್ಲಿಮಣ್ಣು ಒದಗದು. ಆದ್ದರಿಂದ ಇಟ್ಟಿಗೆ ಗೂಡಿನವರ ಕಣ್ಣು ಬೀಳುವುದು ಗದ್ದೆಯ ಮೇಲೆ, ಕೆರೆಯ ಅಂಗಳದ ಮೇಲೆ, ಹೊಳೆಯಂಚಿನ ಮೆಕ್ಕಲಿನ ಮೇಲೆ. ಒಬ್ಬರು ಮಲಗುವ ಚಾಪೆಯಷ್ಟು ಅಗಲದ ಗದ್ದೆಯಿಂದ ಆರಿಂಚು ಮೇಲ್ಮಣ್ಣನ್ನು ಕೆತ್ತಿ ತೆಗೆದರೆ ಒಂದು ಟಪಾಲು ಕಂಬಕ್ಕೆ ಸರಿಹೋಗುತ್ತದೆ. ಒಂದಿಂಚು ಮೇಲ್ಮಣ್ಣು ಕೂಡಿಬರಲು ನೂರಾರು ವರ್ಷ ಹಿಡಿಯುತ್ತದೆಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ.

ಮಲೆನಾಡಿನ ಪೂರ್ವದ ಸೆರಗಿನಲ್ಲಿ ಸಂಚರಿಸಿದವರು ಇದನ್ನು ಕಂಡಿರುತ್ತಾರೆ. ಭತ್ತ ಬೆಳೆದು ನಷ್ಟವಾದ ರೈತ ಗದ್ದೆಯನ್ನು ಒಂದೆರಡು ಬೇಸಿಗೆಗೆ ಇಟ್ಟಿಗೆಯವರಿಗೆ ಗುತ್ತಿಗೆ ಕೊಡುತ್ತಾನೆ. ಮಾತು ಎರಡಡಿಗೆ ಆಗಿರುತ್ತದೆ, ಅಗೆತ ನಾಲ್ಕಡಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಹೊಂಡದಲ್ಲಿ ನೀರು ನಿಲ್ಲುತ್ತದೆ, ಪಕ್ಕದವರ ಗದ್ದೆಯ ಬದು ಕುಸಿಯುತ್ತದೆ, ಮೇಲಿನ ಗದ್ದೆಯ ಸಾರವೆಲ್ಲ ತಗ್ಗಿಗೆ ಸೋರುತ್ತದೆ. ಕೊನೆಗೆ ಪಕ್ಕದವನೂ ಗುತ್ತಿಗೆ ಕೊಡುವುದೇ ಲೇಸೆಂದು ತೀರ್ಮಾನಿಸುತ್ತಾನೆ. ಇಟ್ಟಿಗೆ ಮೇಲ್ಮಣ್ಣನ್ನು ತಿನ್ನುತ್ತದೆಂಬುದು ಪರಿಸರವಾದಿಗಳ ಕಲ್ಪನೆಯೇನಲ್ಲ. 1999ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಇಟ್ಟಿಗೆಗೆ ಬಳಸಬೇಕೆಂಬ ಅಧಿಸೂಚನೆ ಹೊರಡಿಸಿದಾಗ ಮೇಲ್ಮಣ್ಣಿನ ಸಂರಕ್ಷಣೆಯನ್ನೇ ಒಂದು ಉದ್ದೇಶವಾಗಿ ಹೇಳಿತ್ತು.

ಮಣ್ಣಿನ ನಂತರ ಬೆಂಕಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಟ್ಟ ಇಟ್ಟಿಗೆಯೊಂದರ ಹಿಂದೆ ಸರಾಸರಿ 4.25 ಮೆಗಾಜೂಲ್ ಶಕ್ತಿ ವ್ಯಯವಾಗುತ್ತದೆಂದು ಲೆಕ್ಕ ಹಾಕಿದ್ದಾರೆ. 120 ಇಟ್ಟಿಗೆಗೆ 510 ಮೆಗಾಜೂಲ್ ಆಯಿತು. ಸೌದೆಯ ಭಾಷೆಗೆ ತಿರುಗಿಸಿದರೆ ಇದು ಮೂವತ್ತು ಕಿಲೋಗೂ ಮಿಕ್ಕಿದ ಒಣಕಟ್ಟಿಗೆ, ಅಂದರೆ ಒಬ್ಬ ಹೆಂಗಸು ಬೆಟ್ಟದಿಂದ ತಲೆಯ ಮೇಲೆ ಹೊತ್ತು ತರುವ ಒಂದು ಹೊರೆ. ಒಲೆಗೆ ಬೇಕಾದ ಪುರಳೆ ಹೆಕ್ಕುವವಳನ್ನು ತಡೆದು ನಿಲ್ಲಿಸುವ ವ್ಯವಸ್ಥೆ, ಅದೇ ಹೊರೆ ಇಟ್ಟಿಗೆಯ ರೂಪ ತಾಳಿ ಲಾರಿಯಲ್ಲಿ ಬಂದರೆ ರಸೀದಿ ಕೇಳುವುದಿಲ್ಲ.

ಇನ್ನು ಸಿಮೆಂಟು. ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ಅದೇ ಅಧ್ಯಯನದ ಪ್ರಕಾರ ಒಂದು ಕಿಲೋ ಸಿಮೆಂಟಿಗೆ 5.85 ಮೆಗಾಜೂಲ್. ತಳಪಾಯದ ಕಾಂಕ್ರೀಟು, ಗಾರೆ, ಗಿಲಾವು, ಮೇಲಿನ ಟೋಪಿ ಎಲ್ಲಕ್ಕೂ ಸೇರಿ ಎರಡು ಚೀಲ ಸುರಿದರೆ ಇಟ್ಟಿಗೆಯ ಲೆಕ್ಕವನ್ನು ಸಿಮೆಂಟೇ ಮೀರಿಸುತ್ತದೆ. ಇಟ್ಟಿಗೆಯನ್ನು ಬಿಟ್ಟು ಸಿಮೆಂಟ್ ಬ್ಲಾಕಿನಿಂದ ಕಟ್ಟಿದೆವು, ಪರಿಸರ ಉಳಿಯಿತು ಎಂದು ಸಮಾಧಾನ ಪಟ್ಟುಕೊಳ್ಳುವವರು ಇದನ್ನು ಗಮನಿಸಬೇಕು. ಕಂಬದ ದೋಷ ಬರಿಯ ಇಟ್ಟಿಗೆಯಲ್ಲಿಲ್ಲ. ಕಾಲು ಕಿಲೋ ಕಾಗದವನ್ನು ನೆನೆಯದಂತೆ ಕಾಯಲು ನಾಲ್ಕು ಕ್ವಿಂಟಲಿನ ಗೋಪುರ ಬೇಕೆಂಬ ಭಾವನೆಯಲ್ಲಿದೆ.

ಒಂದು ಕಂಬದಿಂದ ಏನು ಮಹಾ ಆದೀತು ಎಂಬ ಮಾತು ಬಂದೇ ಬರುತ್ತದೆ. ಒಂದೇ ಕಂಬವಾಗಿದ್ದರೆ ಏನೂ ಆಗದು. ಆದರೆ ಕಂಬ ಒಂಟಿಯಾಗಿ ಇರಲೊಲ್ಲದು. ಬಲಗಡೆಗೆ ಒಂದು ನಿಂತರೆ ಎಡಗಡೆ ಬೋಳಾಗಿ ಕಾಣುತ್ತದೆ. ಎರಡು ನಿಂತ ಮೇಲೆ ಗಿಡಬೇಲಿ ಹಳತಾಗಿ ಕಾಣುತ್ತದೆ. ಮೂರನೆಯ ವರ್ಷ ಬೇಲಿ ಕಡಿದು ಕಂಪೌಂಡು ಗೋಡೆ ಏಳುತ್ತದೆ. ಗೋಡೆಯೊಂದಿಗೆ ಗುಡ್ಡದಿಂದ ಇಳಿಯುವ ಮಳೆನೀರಿನ ದಾರಿ ಕಟ್ಟುತ್ತದೆ, ಆಮೆ, ಮುಂಗುಸಿ, ಮುಳ್ಳುಹಂದಿಗಳ ದಾರಿಯೂ ಕಟ್ಟುತ್ತದೆ. ಹಸಿರು ಸೊಪ್ಪು ಕೊಡುತ್ತಿದ್ದ ಬೇಲಿ, ಹಕ್ಕಿಗಳಿಗೆ ಹಣ್ಣು ಕೊಡುತ್ತಿದ್ದ ಬೇಲಿ ಹೋದಂತೆಯೇ.

ರಸ್ತೆಯ ಅಂಚಿನಲ್ಲಿ ಇಟ್ಟಿಗೆಯ ಟಪಾಲು ಕಂಬ ಕಟ್ಟುವ ಪದ್ಧತಿ ಗಟ್ಟಿಯಾಗಿ ಬೇರೂರಿರುವುದು ಅಮೆರಿಕದಲ್ಲಿ. ಅಲ್ಲಿನ ಮಕ್ಕಳ ಮನೆಗೆ ಹೋಗಿ ಬಂದ ಮಲೆನಾಡಿನ ತಂದೆತಾಯಿಗಳ ಫೋಟೋ ಆಲ್ಬಮ್ಮುಗಳಲ್ಲಿ ಅದು ಹುಲ್ಲುಹಾಸಿನ ತುದಿಯಲ್ಲಿ ಕಾಣಿಸಿಕೊಳ್ಳುವುದುಂಟು. ಆದರೆ ಫೋಟೋದಲ್ಲಿ ಕಾಣುವುದು ಕಂಬ ಮಾತ್ರ, ಅದರ ಕಾರಣ ಕಾಣುವುದಿಲ್ಲ. ಆ ದೇಶದಲ್ಲಿ ಹಳ್ಳಿಗರ ಮನೆಬಾಗಿಲಿಗೆ ಉಚಿತವಾಗಿ ಟಪಾಲು ಮುಟ್ಟಿಸುವ ವ್ಯವಸ್ಥೆ ಆರಂಭವಾದದ್ದು 1896ರ ಅಕ್ಟೋಬರ್ 1ರಂದು, ವೆಸ್ಟ್ ವರ್ಜೀನಿಯಾದಲ್ಲಿ. ಆಗ ರೈತರು ಕೈಗೆ ಸಿಕ್ಕಿದ್ದನ್ನು ಪೆಟ್ಟಿಗೆಯಾಗಿಸಿದರು: ಕೊಬ್ಬು ತುಂಬಿಸುವ ಡಬ್ಬಿ, ಪಾಕದ ಡಬ್ಬಿ, ಸಾಬೂನಿನ ಮರದ ಪೆಟ್ಟಿಗೆ. ಒಂದು ಗೂಟಕ್ಕೆ ಡಬ್ಬಿ ಬಡಿದರೆ ಮುಗಿಯಿತು. 1915ರಲ್ಲಿ ಅಂಚೆ ಇಲಾಖೆಯ ಎಂಜಿನಿಯರ್ ರಾಯ್ ಜೊರೊಲ್‌ಮನ್ ರೂಪಿಸಿದ, ಸುರಂಗದಂತೆ ಬೆನ್ನು ಬಾಗಿದ ತಗಡಿನ ಪೆಟ್ಟಿಗೆಗೆ ಇಲಾಖೆ ಒಪ್ಪಿಗೆ ಕೊಟ್ಟಿತು. ಮಳೆ, ಹಿಮ ಜಾರಿಹೋಗಲೆಂದೇ ಆ ಬಾಗು. ಅದೇ ಪೆಟ್ಟಿಗೆ ಇಂದಿಗೂ ಅಲ್ಲಿನ ಗ್ರಾಮಾಂತರದ ಗುರುತಾಗಿ ನಿಂತಿದೆ.

ಇಟ್ಟಿಗೆ ಬಂದದ್ದು ಅನಂತರ, ನಗರದ ಹೊರವಲಯದ ಮನೆಗಳೊಂದಿಗೆ. ಮನೆಯ ಗೋಡೆಗೆ ಹೊಂದಲೆಂಬುದು ಒಂದು ಕಾರಣ. ಇನ್ನೊಂದು ವಿಚಿತ್ರವಾದುದು: ರಾತ್ರಿ ಹೊತ್ತು ಕಾರಿನಲ್ಲಿ ಸಾಗುತ್ತ ಬೇಸ್‌ಬಾಲ್ ದಾಂಡಿನಿಂದ ತಗಡಿನ ಪೆಟ್ಟಿಗೆಗಳನ್ನು ಬಡಿದು ಉರುಳಿಸುವ ಪುಂಡಾಟ ಅಲ್ಲಿನ ಹುಡುಗರಲ್ಲಿತ್ತು. ಬೇಸತ್ತ ಮನೆಯವರು ಪೆಟ್ಟಿಗೆಯ ಸುತ್ತ ಇಟ್ಟಿಗೆ ಕಟ್ಟಿದರು. ಪುಂಡರು ಸೋತರು, ಆದರೆ ಹೊಸ ಅಪಾಯವೊಂದು ಎದ್ದಿತು. ಹಿಡಿತ ತಪ್ಪಿದ ವಾಹನ ಗೂಟಕ್ಕೆ ಬಡಿದರೆ ಗೂಟ ಮುರಿಯುತ್ತದೆ, ಇಟ್ಟಿಗೆಯ ಕಂಬಕ್ಕೆ ಬಡಿದರೆ ಮನುಷ್ಯ ಮುರಿಯುತ್ತಾನೆ. ಈ ಕಾರಣದಿಂದಲೇ ಅಲ್ಲಿನ ಅಂಚೆ ಇಲಾಖೆ ನಾಲ್ಕಿಂಚು ಚೌಕದ ಮರದ ಗೂಟವನ್ನೋ ಎರಡಿಂಚಿನ ಲೋಹದ ಕೊಳವೆಯನ್ನೋ ಎರಡಡಿಗಿಂತ ಆಳಕ್ಕೆ ಹೂಳದೆ ನಿಲ್ಲಿಸಿರಿ, ಡಿಕ್ಕಿಯಾದರೆ ಅದು ಬಾಗಬೇಕು ಎಂದು ಸಲಹೆ ಕೊಡುತ್ತದೆ. ಹಲವು ರಾಜ್ಯಗಳ ಹೆದ್ದಾರಿ ಇಲಾಖೆಗಳು ಇಟ್ಟಿಗೆ ಕಲ್ಲುಗಳ ಭಾರಿ ಕಂಬಗಳನ್ನು ರಸ್ತೆಯ ಅಂಚಿನಲ್ಲಿ ಒಪ್ಪುವುದಿಲ್ಲ. ಪೆಟ್ಟಿಗೆಯ ತಳ ರಸ್ತೆಯಿಂದ 41ರಿಂದ 45 ಇಂಚು ಎತ್ತರದಲ್ಲಿರಬೇಕೆಂಬ ನಿಯಮವೂ ಅಲ್ಲಿದೆ, ಏಕೆಂದರೆ ಅಲ್ಲಿನ ಅಂಚೆಯವರು ವಾಹನದಲ್ಲಿ ಕುಳಿತೇ ಕೈಚಾಚಿ ಪತ್ರ ಹಾಕುತ್ತಾರೆ. ಮಲೆನಾಡಿನ ಅಂಚೆಯವನು ಕಾಲ್ನಡಿಗೆಯಲ್ಲಿ ಅಥವಾ ಬೈಕಿನಲ್ಲಿ ಬರುತ್ತಾನೆ. ಇಲ್ಲಿ ಬೇಸ್‌ಬಾಲ್ ದಾಂಡೂ ಇಲ್ಲ. ಹೀಗೆ ಕಾರಣಗಳನ್ನೆಲ್ಲ ಅಲ್ಲಿಯೇ ಬಿಟ್ಟು ಕಂಬವನ್ನಷ್ಟೇ ಹೊತ್ತು ತಂದಂತಾಗಿದೆ. ಎರಡು ವಾಹನ ಎದುರಾದರೆ ಒಂದು ಗಟಾರಕ್ಕಿಳಿಯಬೇಕಾದ ತಿರುವಿನ ರಸ್ತೆಯಲ್ಲಿ ಅದನ್ನು ನಿಲ್ಲಿಸುವುದಂತೂ ತೀರ ಅವಿವೇಕ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಟಪಾಲು ಪೆಟ್ಟಿಗೆಯೇ ಬೇಡವೆಂದಲ್ಲ. ಬೇಕು, ಹಿಂದೆಂದಿಗಿಂತ ಹೆಚ್ಚು ಬೇಕು. ತೋಟದ ಮನೆಗಳಲ್ಲಿ ಹಗಲು ಹೊತ್ತು ಯಾರೂ ಇರದ ದಿನಗಳೇ ಹೆಚ್ಚು. ಮಕ್ಕಳು ನಗರ ಸೇರಿದ್ದಾರೆ, ಉಳಿದ ಇಬ್ಬರು ತೋಟದಲ್ಲೋ ಆಸ್ಪತ್ರೆಯ ದಾರಿಯಲ್ಲೋ ಇರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ತುಂಬಿ ಕಾಲುಸಂಕ ಮುಳುಗಿದಾಗ, ಗ್ರಾಮೀಣ ಡಾಕ್ ಸೇವಕನು ಪತ್ರಗಳನ್ನು ರಸ್ತೆಯ ಅಂಗಡಿಯಲ್ಲಿ ಬಿಟ್ಟು ಹೋಗುವುದು ಅನಿವಾರ್ಯ. ಅಂಗಡಿಯಲ್ಲಿ ಅವು ಬೆಲ್ಲದ ಡಬ್ಬಿಯ ಹಿಂದೆ ಹದಿನೈದು ದಿನ ಕಳೆಯುತ್ತವೆ. ಮದುವೆಯ ಕರೆಯೋಲೆ ತಡವಾದರೆ ನಂಟರು ಮುನಿಸಿಕೊಂಡಾರು, ಅಷ್ಟೇ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿ ಅರ್ಜಿ ಹಾಕಿದ ಕುಟುಂಬಕ್ಕೆ ಗ್ರಾಮಸಭೆಯ ನಿರ್ಣಯದ ವಿರುದ್ಧ ಉಪವಿಭಾಗ ಮಟ್ಟದ ಸಮಿತಿಗೆ ದೂರು ಸಲ್ಲಿಸಲು ಇರುವ ಅವಧಿ 60 ದಿನ. ಆ ಸಮಿತಿಯ ತೀರ್ಮಾನದ ವಿರುದ್ಧ ಜಿಲ್ಲಾ ಸಮಿತಿಗೆ ಹೋಗಲೂ 60 ದಿನ. ಅರವತ್ತರಲ್ಲಿ ಹದಿನೈದು ಬೆಲ್ಲದ ಡಬ್ಬಿಯ ಹಿಂದೆ ಕಳೆದರೆ, ಉಳಿದದ್ದರಲ್ಲಿ ದಾಖಲೆ ಹುಡುಕಿ, ತಾಲೂಕು ಕಚೇರಿಗೆ ಅಲೆದು, ಬರೆಸಿ ಕೊಡಬೇಕು. ನೆನೆದು ಅಕ್ಷರ ಅಳಿಸಿದ ಸೂಚನಾ ಪತ್ರದ ದಿನಾಂಕವನ್ನು ಓದಲಾಗದೆ ಕಳೆಯುವ ದಿನಗಳು ಬೇರೆ.

2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟ್‌ನೊಳಗೆ ಸೇರಿಸಲಾಗಿದೆ. ಸಹಿ ಪಡೆದು ಕೊಡಬೇಕಾದ ಅಂಥ ಪತ್ರಗಳು ಪೆಟ್ಟಿಗೆಗೆ ಬೀಳುವಂಥವಲ್ಲ, ನಿಜ. ಆದರೆ ಮನೆಯಲ್ಲಿ ಯಾರೂ ಸಿಗದಿದ್ದಾಗ ‘ಬಂದು ಹೋದೆ’ ಎಂಬ ಚೀಟಿಯನ್ನಾದರೂ ಬಿಡಲು ಒಂದು ನೆಲೆ ಬೇಕಲ್ಲವೇ? ಪತ್ರಗಳ ಕಾಲವೇ ಮುಗಿಯಿತೆನ್ನುವವರೂ ಇದ್ದಾರೆ. ಡೆನ್ಮಾರ್ಕಿನಲ್ಲಿ ಸರ್ಕಾರಿ ಒಡೆತನದ ಅಂಚೆ ಸಂಸ್ಥೆ 2025ರ ಡಿಸೆಂಬರ್ 30ರಂದು ಪತ್ರ ವಿತರಣೆಯನ್ನು ನಿಲ್ಲಿಸಿಯೇ ಬಿಟ್ಟಿತು. ಮೊಬೈಲಿಗೆ ಸಂಕೇತವೇ ಸಿಗದ ಕಣಿವೆಗಳಿಗೆ ಆ ಉದಾಹರಣೆ ಸಲ್ಲದು. ಒಂದು ವೇಳೆ ಮುಂದೊಂದು ದಿನ ಇಲ್ಲಿಯೂ ಹಾಗೆಯೇ ಆದರೆ, ನೂರು ವರ್ಷ ಬಾಳುವ ಕಂಬಕ್ಕಿಂತ ಬಿಚ್ಚಿ ಬೇರೆ ಕೆಲಸಕ್ಕೆ ಹಚ್ಚಬಹುದಾದ ಪೆಟ್ಟಿಗೆಯೇ ಜಾಣತನ.

ಹಾಗಾದರೆ ಕಟ್ಟುವುದು ಹೇಗೆ? ಮೊದಲ ಆಯ್ಕೆ ಗೂಟ ಮತ್ತು ಡಬ್ಬಿ. ಕೊಟ್ಟಿಗೆ ಬಿಚ್ಚಿದಾಗ ಉಳಿದ ಕಂಬದ ತುಂಡು ಪ್ರತಿ ಮನೆಯ ಅಟ್ಟದ ಕೆಳಗೂ ಬಿದ್ದಿರುತ್ತದೆ. ಅದರ ಬುಡವನ್ನು ಬೆಂಕಿಯಲ್ಲಿ ಕರಿಕಾಗಿಸಿ, ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಎರಡು ಸಲ ಹಚ್ಚಿ ಹೂತರೆ ಒರಲೆ ಬೇಗ ಹತ್ತಿರ ಸುಳಿಯದು. ಎಣ್ಣೆ ಹಚ್ಚುವಾಗ ಕೈಗೆ ತಗುಲಬಾರದು, ಚರ್ಮ ಸುಡುತ್ತದೆ. ಡಬ್ಬಿಯ ಮೇಲೆ ಒಂದು ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದಂದಿನಿಂದ ಆ ಹಂಚಿಗೂ ಹೊಳೆದಂಡೆಯ ಮಣ್ಣು, ಕಾಡಿನ ಸೌದೆ ಹೋಗಿವೆ ಎಂಬುದನ್ನು ಮರೆಯಬೇಕಿಲ್ಲ. ಆದರೆ ಮಾಡಿನಿಂದ ಇಳಿಸಿದ ಹಳೆಯ ಹಂಚಿಗೆ ಹೊಸದಾಗಿ ಏನನ್ನೂ ಸುಡಬೇಕಾಗಿಲ್ಲ.

ಕಲ್ಲೇ ಬೇಕೆನ್ನುವವರಿಗೆ ಜಂಬಿಟ್ಟಿಗೆ ಇದೆ. ಹೆಸರಿನಲ್ಲಿಯೇ ಇಟ್ಟಿಗೆಯನ್ನು ಇಟ್ಟುಕೊಂಡ ಈ ಕಲ್ಲನ್ನು ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದಲ್ಲಿರುವಾಗ ಕೊಡಲಿಗೆ ಬಗ್ಗುವಷ್ಟು ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಬೆಂಕಿಯ ಹಂಗಿಲ್ಲದ ಇಟ್ಟಿಗೆ. ಒಂದರ ಮೇಲೊಂದರಂತೆ ಆರು ಕಲ್ಲು ಕೂರಿಸಿದರೆ ಕಂಬವಾಯಿತು. ಮೇಲಿನೆರಡು ಕಲ್ಲುಗಳಲ್ಲಿ ಹಸಿಯಿರುವಾಗಲೇ ಗೂಡು ಕೆತ್ತಿಸಬೇಕು. ಕಲ್ಲುಗಣಿಗಳು ಬಯಲುಗಳಲ್ಲಿ ಬಾವಿಯಷ್ಟು ಆಳದ ಹೊಂಡಗಳನ್ನು ಬಿಟ್ಟುಹೋಗುತ್ತಿರುವುದು ಬೇರೆಯೇ ಲೇಖನದ ವಿಷಯ. ಆದ್ದರಿಂದ ಇಲ್ಲಿಯೂ ಬಿದ್ದ ಮನೆಯ, ಮುರಿದ ಪಾಗಾರದ ಹಳೆಯ ಕಲ್ಲಿಗೇ ಮೊದಲ ಸ್ಥಾನ. ಹಳೆಯ ಕಲ್ಲಿನಲ್ಲಿ ಗೂಡು ಕೆತ್ತುವುದು ಕಷ್ಟ. ಆಗ ಕಂಬದ ತಲೆಯ ಮೇಲೆ ತಗಡಿನ ಡಬ್ಬಿ ಕೂರಿಸಿದರಾಯಿತು. ಕಲ್ಲಿನ ಕಂಬವೂ ಭಾರವೇ. ಅದರ ಜಾಗ ಬೇಲಿಯ ಒಳಗೆ, ರಸ್ತೆಯ ಅಂಚಿನಲ್ಲಲ್ಲ.

ಇಟ್ಟಿಗೆಯೇ ಆಗಬೇಕೆಂಬ ಹಟವಿದ್ದರೆ ಅದಕ್ಕೂ ದಾರಿಯುಂಟು. ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಕೈಯಿಂದ ಒತ್ತುವ ಯಂತ್ರದಲ್ಲಿ ಮಣ್ಣಿನ ಅಚ್ಚುಗಳನ್ನು ಮಾಡುವ ವಿಧಾನವನ್ನು ಬೆಳೆಸಿತು. ಜಲ್ಲಿ ಬೆರೆತ ಕೆಂಪು ಮಣ್ಣಿಗೆ ನೂರಕ್ಕೆ ಆರು ಭಾಗ ಸಿಮೆಂಟು ಸೇರಿಸಿ ಒತ್ತಿ, ನೀರುಣಿಸಿ ಒಣಗಿಸಿದರೆ ಮುಗಿಯಿತು, ಸುಡುವ ಮಾತಿಲ್ಲ. ಊರ ಇಟ್ಟಿಗೆಯ ಎರಡೂವರೆ ಪಟ್ಟು ಗಾತ್ರದ ಇಂಥ ಒಂದು ಅಚ್ಚಿಗೆ ಅದೇ 2003ರ ಅಧ್ಯಯನ ಕೊಟ್ಟ ಲೆಕ್ಕ 2.60 ಮೆಗಾಜೂಲ್. ಒಂದು ಕಂಬಕ್ಕಾಗಿ ಯಾರೂ ಯಂತ್ರ ತರಿಸಲಾರರು. ಆದರೆ ಊರಿನಲ್ಲಿ ಯಾರಾದರೂ ಮಣ್ಣಿನ ಅಚ್ಚಿನ ಮನೆ ಕಟ್ಟುವಾಗ ಮೂವತ್ತು ನಲವತ್ತು ಅಚ್ಚು ಕೇಳಿ ಪಡೆಯುವುದು ಕಷ್ಟವಲ್ಲ. ಕೂಡಿಸಲು ಸುಣ್ಣದ ಗಾರೆ ಸಾಕು.

ಯಾವುದರಿಂದ ಕಟ್ಟಿದರೂ ಕೆಲವು ಸಂಗತಿಗಳು ಬದಲಾಗವು. ಮಳೆಗಾಳಿ ಬೀಸುವುದು ಪಡುವಣ ಮತ್ತು ನೈಋತ್ಯದಿಂದ. ಪತ್ರ ಹಾಕುವ ಸೀಳು ಮೂಡಣಕ್ಕೋ ಬಡಗಣಕ್ಕೋ ಮುಖ ಮಾಡಿರಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಒಂದು ಗೇಣು ಇಳಿಜಾರಿನ ಸೂರಿಲ್ಲದೆ ಯಾವ ಪೆಟ್ಟಿಗೆಯೂ ಉಳಿಯದು. ಪೆಟ್ಟಿಗೆಯ ತಳಕ್ಕೆ ನಾಲ್ಕು ಸಣ್ಣ ತೂತುಗಳಿರಬೇಕು, ಅದರ ಮೇಲೆ ಬಿದಿರಿನ ದಬ್ಬೆಗಳನ್ನು ಹಾಸಿರಬೇಕು; ಕಾಗದ ತಳಕ್ಕೆ ತಾಗಕೂಡದು. ಪತ್ರಿಕೆಯೊಂದು ಮಡಿಚದೆ ಹಿಡಿಯಲು ಒಳಗೆ ಒಂದಡಿ ಉದ್ದ, ಹತ್ತಿಂಚು ಅಗಲ ಇದ್ದರೆ ಸಾಕು. ಹೆಸರು ಕನ್ನಡದಲ್ಲಿ, ಪಿನ್‌ಕೋಡ್ ದೊಡ್ಡ ಅಂಕಿಗಳಲ್ಲಿ. ಒಂದೇ ಹೆಸರಿನ ಎರಡು ಮೂರು ಊರುಗಳಿರುವ ಸೀಮೆಯಲ್ಲಿ 1972ರಿಂದ ಬಂದ ಆ ಆರು ಅಂಕಿಗಳೇ ಹೊಸ ಅಂಚೆಯವನ ದಾರಿದೀಪ. ಜಾಗವನ್ನು ಗುರುತಿಸುವ ಮುನ್ನ ಅವನನ್ನೇ ಒಮ್ಮೆ ಕೇಳಬೇಕು. ಅವನು ಬೈಕು ಎಲ್ಲಿ ನಿಲ್ಲಿಸುತ್ತಾನೆ, ಮಳೆಯಲ್ಲಿ ಎಲ್ಲಿಯವರೆಗೆ ಬರಬಲ್ಲ ಎಂಬುದು ಮೇಸ್ತ್ರಿಗೆ ಗೊತ್ತಿರುವುದಿಲ್ಲ.

ಒಂದೇ ಕಾಲುದಾರಿಯ ನಾಲ್ಕೈದು ಮನೆಗಳು ಕೂಡಿ ದಾರಿಯ ತುದಿಯಲ್ಲಿ ಒಂದೇ ಸೂರಿನಡಿ ನಾಲ್ಕೈದು ಡಬ್ಬಿ ಸಾಲಾಗಿ ಇಟ್ಟರೆ ಇನ್ನೂ ಒಳ್ಳೆಯದು. ಮೊದಲು ಹೋದವರು ಉಳಿದವರ ಪತ್ರವನ್ನೂ ತರಬಹುದು. ಕೆಲಸವನ್ನು ಶಿವರಾತ್ರಿಯ ನಂತರ ಹಿಡಿದು ಮೇ ತಿಂಗಳ ಅಡ್ಡಮಳೆಗೆ ಮುನ್ನ ಮುಗಿಸಬೇಕು. ಸುಣ್ಣದ ಗಾರೆ ಗಟ್ಟಿಯಾಗಲು ಅಷ್ಟು ಕಾಲ ಬೇಕು. ಬಾಗಿಲು ಸಡಿಲ ಬಿಡಬಾರದು. ಮಾರ್ಚಿನಿಂದ ಜುಲೈವರೆಗೆ ಮಡಿವಾಳ ಹಕ್ಕಿ ಪೊಟರೆ ಹುಡುಕುತ್ತ ಅಲೆಯುತ್ತದೆ. ಅದು ಒಮ್ಮೆ ಒಳಹೊಕ್ಕು ನಾರು ಬೇರು ಪೇರಿಸಿತೆಂದರೆ, ಮರಿಗಳು ಹಾರುವ ತನಕ ಟಪಾಲಿಗೆ ಪಕ್ಕದಲ್ಲಿ ಇನ್ನೊಂದು ಡಬ್ಬಿ ಕಟ್ಟಬೇಕಾಗುತ್ತದೆ.